ಅಡುಗೆ ಪಾಳಿ ತಪ್ಪಿಸಲು ಬಿ.ಎ.

ಓದಲಿಕ್ಕೆ ಕೂತರೆ ಕೆಲಸ ನೆನಪಾಗುತ್ತದೆ, ಕೆಲಸಕ್ಕೆ ನಿಂತರೆ ನಿದ್ದೆ ಬರುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದ ನನ್ನಂಥವನಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ.

೧. ರೂಮಿನ ಕಾನೂನು

ಕುವೈತ್‌ನ ನಮ್ಮ ರೂಮಿನಲ್ಲಿ ಮೂರು ಜನ: ನಾನು, ಆಸ್ಪತ್ರೆಯ ಆಫೀಸಿನಲ್ಲಿರುವ ನನ್ನ ಮಾಮ, ಎ.ಸಿ. ರಿಪೇರಿಯ ಹುಬ್ಬಳ್ಳಿ ಅಣ್ಣ. ಅಡುಗೆಗೆ ಪಾಳಿ. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಹೇಗೋ ಪಾಸಾದ ನನ್ನನ್ನು ಉದ್ಧಾರ ಮಾಡಲು ಮಾಮ ಹೇಳಿದರು, "ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಕಟ್ಟು ಮಾರಾಯ. ಓದುವವನಿಗೆ ಅಡುಗೆ ಪಾಳಿ ಇಲ್ಲ."

ಮೊದಲ ಮಾತು ನನಗೆ ಕೇಳಿಸಲೇ ಇಲ್ಲ. ಎರಡನೆಯದು ಕೇಳಿ ಅವತ್ತೇ ಫೀಸು ಕಟ್ಟಿ ಬಂದೆ.

೨. ಥಾನಿನೊಳಗಿನ ಪಾಠ

ಮಿರ್ಕಾಬ್ ಪೇಟೆಯ ಬಟ್ಟೆ ಅಂಗಡಿಯಲ್ಲಿ ನಾನು ಸೇಲ್ಸ್‌ಮ್ಯಾನ್. ಪುಸ್ತಕ ಕಂಡರೆ ಮುದೀರ್, ಅಂದರೆ ನಮ್ಮ ಮ್ಯಾನೇಜರ್, ಉರಿದು ಬೀಳುತ್ತಿದ್ದ. ಹಾಗಾಗಿ ಪಾಠದ ಹಾಳೆಗಳನ್ನು ಕಿತ್ತು ಬಟ್ಟೆಯ ಥಾನುಗಳ ಸುತ್ತಿನೊಳಗೆ ಸಿಕ್ಕಿಸಿಟ್ಟೆ. ಗಿರಾಕಿಗೆ ಥಾನು ಬಿಚ್ಚಿದ ಹಾಗೆ ಒಂದೊಂದೇ ಹಾಳೆ ಹೊರಗೆ, ನನ್ನ ಕಣ್ಣೆದುರಿಗೆ. ಒಂದು ದಿನ ಯಾವುದೂ ಒಪ್ಪದ ಅಮ್ಮ ಒಬ್ಬರು ಬಂದರು. "ಇನ್ನೊಂದು ತೋರಿಸು" ಅಂದಷ್ಟೂ ನನಗೆ ಖುಷಿ.

ಮುದೀರ್ ಉಳಿದ ಹುಡುಗರಿಗೆ ಹೇಳಿದ, "ನೋಡಿ, ತಾಳ್ಮೆ ಅಂದರೆ ಇದು!"

ಪಾಠ ಪೂರ್ತಿ ಮುಗಿಯಿತು. ಆಯಮ್ಮ ಒಂದು ಗೇಣು ಬಟ್ಟೆಯೂ ತಗೊಳ್ಳಲಿಲ್ಲ.

೩. ಒಂದನೇ ಕ್ಲಾಸಿನ ಬೆಂಚು

ನಾನು ಒಲೆಯ ಕಡೆ ತಲೆ ಹಾಕದ್ದು ನೋಡಿ ಹುಬ್ಬಳ್ಳಿ ಅಣ್ಣನಿಗೆ ಹೊಟ್ಟೆ ಉರಿಯಿತು. "ಏನ್ಲೇ ತಮ್ಮಾ, ನೀ ಒಬ್ಬನ ಶಾಣ್ಯಾ ಏನು? ನಾನೂ ಬಿ.ಎ. ಮಾಡ್ತೀನಿ!"

ಇಬ್ಬರೂ ಓದುವವರಾದ ಮೇಲೆ ಸೌಟು ಮಾಮನ ಕೈಯಲ್ಲೇ ಉಳಿಯಿತು. ಅವರು ಹೊಸ ಕಾನೂನು ತಂದರು, "ಫೇಲಾದವ ಮುಂದಿನ ಪರೀಕ್ಷೆಯವರೆಗೆ ಮೂವರಿಗೂ ಬೇಯಿಸಿ ಹಾಕಬೇಕು!"

ಶುಕ್ರವಾರದ ರಜೆ, ಮಕ್ಕಳ ಶಾಲೆಯಲ್ಲಿ ನಮ್ಮ ಪರೀಕ್ಷೆ. ಒಂದನೇ ಕ್ಲಾಸಿನ ಬೆಂಚಿನಲ್ಲಿ ಅಣ್ಣನ ಹೊಟ್ಟೆ ಸಿಕ್ಕಿಕೊಂಡಿತು. ಎಲ್ಲರೂ ಹೋದ ಮೇಲೂ ಕೂತೇ ಇದ್ದ ಅವನನ್ನು ಕಂಡು ಪರೀಕ್ಷೆ ಕಾಯುತ್ತಿದ್ದ ಮೇಡಂ, "ಎಷ್ಟು ಶ್ರದ್ಧೆ! ಇನ್ನೂ ಬರೆಯುವುದಿದೆಯಾ?" ಎಂದರು.

"ಬರಿಯೂದು ಆಗಳೇ ಮುಗದೈತ್ರಿ. ಏಳಾಕ ಆಗವಲ್ದು!"

೪. ಫಸ್ಟ್ ಕ್ಲಾಸು

ಫಲಿತಾಂಶ ಬಂತು. ಅಣ್ಣ ಫೇಲು, ನಾನು ಪಾಸು! ಉಳಿದ ವಿಷಯಗಳಲ್ಲಿ ಏನೋ ದೇವರ ದಯೆ. 'ಆಹಾರ ಮತ್ತು ಪೋಷಣೆ'ಯಲ್ಲಿ ಮಾತ್ರ ಫಸ್ಟ್ ಕ್ಲಾಸು. ಹುಟ್ಟಿದಾಗಿನಿಂದ ತಿನ್ನುತ್ತಲೇ ಇದ್ದೇನಲ್ಲ, ಸುಲಭ ಇರಬಹುದು ಎಂದು ಆರಿಸಿಕೊಂಡ ವಿಷಯ ಅದು.

"ಯಲ್ಲಾ, ನಡಿ ಅಣ್ಣಾ, ಈರುಳ್ಳಿ ಹೆಚ್ಚು!" ಎಂದು ಸೌಟನ್ನು ಅವನ ಕೈಗಿಟ್ಟು ರೂಮಿಡೀ ಕುಣಿದೆ.

ಮಾಮ ನನ್ನ ಮಾರ್ಕ್ಸ್ ಕಾರ್ಡು ಮೇಲಿಂದ ಕೆಳಗೆ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ಅಣ್ಣನ ಕೈಯಿಂದ ಸೌಟು ಕಿತ್ತು ನನ್ನ ಕೈಗೆ ಕೊಟ್ಟರು.

"ಎಂಥ ಮಾಮ? ನಾನು ಪಾಸು!"

"ಅದಕ್ಕೇ ಮಾರಾಯ! ಯೂನಿವರ್ಸಿಟಿಯವರೇ ಫಸ್ಟ್ ಕ್ಲಾಸ್ ಕೊಟ್ಟ ಅಡುಗೆಭಟ್ಟ ರೂಮಿನಲ್ಲೇ ಇರುವಾಗ, ಫೇಲಾದವನ ಕೈಯಡುಗೆ ನಾವ್ಯಾಕೆ ತಿನ್ನಬೇಕು?"