ಇಳಿಯಲಾರದ ಅಳಿಯ

ಜಾವಗಲ್ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ವಿದ್ಯುತ್ತಿನ ಪಾಠ ಮಾಡಿದವನಿಗೆ ಒಂದು ಲಾರಿಯ ವೈರಿಂಗ್ ಯಾವ ಮಹಾ! ಅಪ್ಪ ಬಿಟ್ಟುಹೋದ ಹಳೇ ಲಾರಿಯನ್ನು ಮೆಕ್ಯಾನಿಕ್ಕನ ಕೈ ಸೋಕಿಸದೆ ನಾನೇ ಸರಿಮಾಡುತ್ತೇನೆಂದು ೧೯೯೮ರ ಬೇಸಿಗೆ ರಜೆಯಲ್ಲಿ ಘೋಷಿಸಿಬಿಟ್ಟೆ.

ನನ್ನ ಹೆಂಡತಿ ಮಂಜುಳಾಗೆ ಈ ಘೋಷಣೆ ರುಚಿಸಲಿಲ್ಲ. ರಜೆಯಲ್ಲಿ ಎಲ್ಲಾದರೂ ಹೋಗೋಣವೆಂದು ಅವಳು, ಡೈನಮೋ ಬಿಚ್ಚಿಟ್ಟಿದ್ದೇನೆಂದು ನಾನು. ಅವಳ ರೇಷ್ಮೆ ಸೀರೆಗೆ ಗ್ರೀಸ್ ತಗುಲಿದ ದಿನ ಮಾತಿಗೆ ಮಾತು ಬೆಳೆಯಿತು.

"ಆ ಲಾರಿ ಓಡಿದ ದಿನ ಅದರಲ್ಲೇ ಬಂದು ಕರ್ಕೊಂಡು ಹೋಗಿ," ಎಂದು ಮಾದಿಹಳ್ಳಿಯ ತವರಿಗೆ ಹೊರಟೇಹೋದಳು. ಹಾಗೇ ಆಗಲಿ ಎಂದೆ. ಗಂಡಸಲ್ಲವೇ!

ಮೊದಲ ವಾರ ಹಾಯಾಗಿತ್ತು. ಎರಡನೆಯ ವಾರಕ್ಕೆ ಮನೆ ಬಿಕೋ ಅನ್ನತೊಡಗಿತು. ಉಪ್ಪು ಸಾಕಾ ಎಂದು ಕೇಳುವವರಿಲ್ಲದೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿಕೊಂಡೆ. ಅವಳ ನೆನಪಾದಾಗಲೆಲ್ಲ ಹೋಗಿ ಲಾರಿಗೊಂದು ವೈರು ಜೋಡಿಸುತ್ತಿದ್ದೆ. ನೆನಪು ಬಹಳ ಆಗುತ್ತಿತ್ತು, ಹೀಗಾಗಿ ವೈರುಗಳೂ ಬೇಕಾದ್ದಕ್ಕಿಂತ ಜಾಸ್ತಿಯಾದವು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಬೀದಿಯವರೆಲ್ಲ ತಳ್ಳಿದ್ದಕ್ಕೆ ಲಾರಿ ಸ್ಟಾರ್ಟ್ ಆಯಿತು! ಸಣ್ಣಪುಟ್ಟ ದೋಷಗಳು ಉಳಿದಿದ್ದವು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ನಿಂತುಹೋಗುತ್ತಿತ್ತು. ಬ್ಯಾಟರಿಯ ತ್ರಾಣ ಹಾರ್ನಿಗೆ ಸಾಕು, ಸೆಲ್ಫ್ ಸ್ಟಾರ್ಟರಿಗೆ ಸಾಲದು. ನಿಂತರೆ ಮತ್ತೆ ಹತ್ತು ಜನ ತಳ್ಳಬೇಕು. ಅಲ್ಲದೆ ಬ್ರೇಕ್ ಒತ್ತಿದಾಗಲೆಲ್ಲ ಹಾರ್ನ್ ತಾನೇ ಹೊಡೆದುಕೊಳ್ಳುತ್ತಿತ್ತು. ಹ್ಯಾಂಡ್ ಬ್ರೇಕು ಅಪ್ಪನ ಕಾಲದಲ್ಲೇ ಕೈಕೊಟ್ಟಿತ್ತು. ಇರಲಿ, ಇಸ್ತ್ರಿ ಅಂಗಿ ತೊಟ್ಟು ದಿಗ್ವಿಜಯಕ್ಕೆ ಹೊರಟೆ.

ಮಾವ ಉಗ್ರಪ್ಪನವರ ಮನೆ ಇಳಿಜಾರಿನಲ್ಲಿದೆ ಎಂಬುದು ಹಾಳಾದ್ದು ಅಲ್ಲಿಗೆ ಹೋದ ಮೇಲೆ ನೆನಪಾಯಿತು. ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಆಕ್ಸಿಲರೇಟರಿನ ಮೇಲೆ! ಹಾರ್ನ್ ಒಂದೇ ಸಮನೆ ಅರಚತೊಡಗಿತು.

ಅಳಿಯ ಬಂದನೆಂದು ಅತ್ತೆ ದೇವೀರಮ್ಮ ಕಾಲಿಗೆ ನೀರು ತಂದರು. ಇಳಿದು ಕಾಲು ತೊಳೆದೇ ಒಳಗೆ ಹೋಗಬೇಕು, ಅದು ಮರ್ಯಾದೆ. ನನ್ನ ಎರಡು ಕಾಲಿಗೂ ಪುರುಸೊತ್ತಿರಲಿಲ್ಲ. ಕುಳಿತಲ್ಲಿಂದಲೇ ಕೈಮುಗಿದೆ. ಕಾರಣ ವಿವರಿಸಿದ್ದು ಹಾರ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಚೊಂಬು ಹಿಡಿದ ಅತ್ತೆಯ ಮುಖ ಸಣ್ಣದಾಯಿತು.

ಮಾವ ಲಾರಿಯ ಬಾಗಿಲ ಬಳಿಗೇ ಬಂದರು. "ಹಾರ್ನ್ ಹೊಡ್ದು ಕರೆಯೋಕೆ ನನ್ ಮಗಳೇನು ಲೋಡ್ ತುಂಬೋಕೆ ಬರೋ ಆಳಾ? ಇಳಿಯೋಕಾಗ್ದಿದ್ರೆ ಹಂಗೇ ಹೊಂಟೋಗಿ. ಅವಳು ಬರಾಕಿಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಮಂಜುಳಾ ಕಂಡಳು. ಸ್ವಲ್ಪ ಸೊರಗಿದ್ದಳು. ಮೂರು ತಿಂಗಳು ನೋಡದ ಮುಖ ಹತ್ತು ಮಾರು ದೂರದಲ್ಲಿದೆ, ನಾನು ಎರಡು ಪೆಡಲುಗಳ ಮೇಲೆ ಬಂದಿ! ಕಣ್ಣು ತುಂಬಿಬಂತು. ಹೊಗೆ ತಾಗಿದವನಂತೆ ಒರೆಸಿಕೊಂಡೆ.

ಅವಳು ನನ್ನ ಮುಖ ನೋಡಿದಳು, ಕಾಲು ನೋಡಿದಳು. ಜಗಲಿಯ ಪಕ್ಕದ ಗುಂಡುಕಲ್ಲು ತಂದು ಚಕ್ರಕ್ಕೆ ಅಡ್ಡ ಕೊಟ್ಟಳು.

"ಈಗ ಇಳೀರಿ," ಎಂದಳು ಲಾರಿಯ ಮೆಟ್ಟಿಲು ಹತ್ತಿ, ನನ್ನ ಕಿವಿಯ ಹತ್ತಿರ ಬಂದು.

"ಇಳಿದ್ರೆ ಆಫ್ ಆಗುತ್ತೆ ಕಣೇ. ನಿನ್ನ ಇದರಲ್ಲೇ ಕರ್ಕೊಂಡು ಹೋಗಬೇಕು ಅಂತ ಮೂರು ತಿಂಗಳಿಂದ..."

"ಸಿಟ್ಟಲ್ಲಿ ಏನೋ ಅಂದೆ ಕಣ್ರೀ. ಜಾವಗಲ್ಲಿಂದ ದಿನಕ್ಕೆ ಎಂಟು ಬಸ್ ಬತ್ತವೆ. ಎಂಟಕ್ಕೂ ಬಾಗಿಲಿಗೆ ಬಂದು ನೋಡ್ತಿದ್ದೆ."

ಎರಡೂ ಕಾಲು ತೆಗೆದೆ. ಹಾರ್ನ್ ನಿಂತಿತು, ಎಂಜಿನ್ನೂ ನಿಂತಿತು. ಇಳಿದು ಕಾಲು ತೊಳೆದುಕೊಂಡೆ. ಮಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಲಾರಿಯನ್ನು ಅಲ್ಲೇ ಬಿಟ್ಟು ಸಂಜೆಯ ಬಸ್ಸಿನಲ್ಲಿ ಇಬ್ಬರೂ ಊರಿಗೆ ಹೊರಟೆವು. ಮುಕ್ಕಾಲು ಗಂಟೆಯ ದಾರಿ. ನನಗೆ ಹಿಡಿದದ್ದು ಮೂರು ತಿಂಗಳು!