ನಮ್ಮನೆ ಹೋಂ ಸ್ಟೇ ಆದದ್ದು, ನಾನು ಗೆಸ್ಟ್ ಆದದ್ದು

ತ್ರಾಸಿಯ ಕಡಲಾದರೂ ಒಂದು ದಿನ ಸುಮ್ಮನಿದ್ದೀತು, ನನ್ನ ಬಾಳಲ್ಲಿ ಏನೂ ನಡೆಯದ ದಿನವೇ ಇಲ್ಲ. ಶಾಲೆಗೆ ಹೋಗಲಿಲ್ಲ, ಹೋಗಿದ್ದರೆ ಮಾಸ್ತರರಿಗೇ ಕಷ್ಟವಾಗುತ್ತಿತ್ತು. ನಾನು ಮನೆಯಳಿಯನಾಗಿ ಬಂದು ಸೇರಿದ, ಕಡಲ ಬದಿಯಲ್ಲಿರುವ ಹೆಂಡತಿಯ ಮನೆಯನ್ನು ಹೋಂ ಸ್ಟೇ ಮಾಡಿದ ಬುದ್ಧಿ ನನ್ನದೇ.

೧. ಬೋರ್ಡು

ಗೇಟಿಗೆ 'ಹೋಂ ಸ್ಟೇ' ಬೋರ್ಡು ತೂಗಿಸಿದೆ. ಮೀನು ಮಾರುವ ಹೆಂಗಸು ಓದಿ ಬುಟ್ಟಿ ಇಳಿಸಿದಳು.

"ಹ್ವಾಯ್, ಮನೆಗೆ ಸ್ಟೇ ಬಂತಾ? ಕೋರ್ಟಿಗೆ ಹೋದ್ದ್ ಯಾರ್?"

ಮಧ್ಯಾಹ್ನದೊಳಗೆ ಸುದ್ದಿ ಕುಂದಾಪುರ ಮುಟ್ಟಿತು. ಮನೆಯ ಪಾಲಿಗಾಗಿ ಜಗಳಕ್ಕೆ ಕಾಯುತ್ತಿದ್ದ ಹೆಂಡತಿಯ ಅಣ್ಣ ಬಸ್ಸಿಳಿದು ಓಡಿ ಬಂದ.

"ನಾ ಇನ್ನೂ ಕೇಸೇ ಹಾಕ್ಲಿಲ್ಲ ಮರಾಯ, ನೀ ಸ್ಟೇ ಹ್ಯಾಂಗೆ ತಂದೆ?"

"ನನ್ನ ಕೈ ಎಲ್ಲಿವರೆಗಿತ್ತ್ ಅಂದ್ಕಂಡಿದ್ದೆ ನೀನು?" ಅಂದೆ.

ಹೆದರಿಕೆಗೆ ಅವ ನಮ್ಮ ಪಕ್ಕದ ತನ್ನ ತೋಟದ ಬೇಲಿಯನ್ನು ಎರಡು ಮೊಳ ಹಿಂದಕ್ಕೆ ಹಾಕಿಕೊಂಡ.

೨. ಪಾರ್ಕಿಂಗು

ಆಮೇಲೆ ಪಂಚಾಯತಿಯ ಕಾಗದ ಬಂತು: ಲೈಸೆನ್ಸ್ ಇಲ್ಲದಿದ್ದರೆ ರೂಮುಗಳಿಗೆ ಬೀಗ. ಒಂದು ಅರ್ಜಿ ಕೊಟ್ಟೆ. ಗುಮಾಸ್ತ ಕೇಳಿದ, "ಪಾರ್ಕಿಂಗ್ ಎಲ್ಲಿ?"

ಕಡಲಿನ ಕಡೆ ಕೈ ತೋರಿಸಿದೆ. "ಇಳಿತಕ್ಕೆ ನೂರ್ ಕಾರ್ ನಿಲ್ತ್."

"ಭರತಕ್ಕೆ?"

"ಆಗ ದೋಣಿ ಮೇಲ್ ಬಪ್ಪವ್ರಿಗೆ!"

ಪುಣ್ಯಾತ್ಮ ಅರ್ಜಿಯಲ್ಲಿ ಹಾಗೇ ಬರೆದುಕೊಂಡ.

೩. ತಪಾಸಣೆ

ಕೊನೆಗೆ ದೊಡ್ಡ ಆಫೀಸರು ಮನೆ ನೋಡಲಿಕ್ಕೆ ಬಂದರು. ಯಜಮಾನರು ಅದೇ ಮನೆಯಲ್ಲಿ ವಾಸ ಇರಲೇಬೇಕಂತೆ, ಇಲ್ಲದಿದ್ದರೆ ಲೈಸೆನ್ಸ್ ಇಲ್ಲ. ನಾನು ಜಗಲಿಯ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ, ಯಜಮಾನನ ಹಾಗೇ ಕೂತಿದ್ದೆ. ಅವರು ನೇರ ಅಡುಗೆಮನೆಗೆ ಹೋಗಿ ಹೆಂಡತಿಯನ್ನು ಕೇಳಿದರು, "ಹೊರಗೆ ಕೂತವರು ಇಲ್ಲೇ ಇರ್ತಾರಾ?"

ನಾನು ಜಗಲಿಯಿಂದಲೇ ಕಿವಿಗೊಟ್ಟೆ. ಇವಳಿಗೆ ಸುಳ್ಳು ಹೇಳಿ ಗೊತ್ತಿಲ್ಲ.

"ಅವ್ರಾ? ಹೊತ್ತಿಗ್ ಸರಿಯಾಯ್ ಬತ್ರ್, ಉಂತ್ರ್, ಮನಿಕಂತ್ರ್. ಮೀನ್ ಸಾರಿಗೆ ಉಪ್ಪ್ ಕಮ್ಮಿ ಅಂತ್ರ್. ಒಂದ್ ಕಡ್ಡಿ ಆಚೀಚೆ ಮಾಡುದಿಲ್ಲ."

ಆಫೀಸರು ತಲೆಯಾಡಿಸಿ ಬರೆದರು. ವಾರದಲ್ಲಿ ಲೈಸೆನ್ಸ್ ಬಂತು! ನಾನು ಊರಿಗೆಲ್ಲ ತೋರಿಸಿ ಬಂದೆ. ಹೆಂಡತಿ ಕನ್ನಡಕ ಹಾಕಿ ಓದಿದಳು: "ಯಜಮಾನಿ, ನಾನ್. ತಪಾಸಣೆ ದಿನ ಇದ್ದ ಗೆಸ್ಟ್, ಒಬ್ರ್."

"ಅದ್ಯಾರೆ? ಅವತ್ತ್ ರೂಮೆಲ್ಲ ಖಾಲಿ ಇತ್ತಲೆ?"

ಅವಳು ನನ್ನನ್ನೇ ನೋಡಿದಳು. ಮತ್ತೆ ಕಾಗದದ ಅಡಿಯಲ್ಲಿದ್ದ ನಿಯಮ ಓದಿದಳು.

"ಹ್ವಾಯ್, ಗೆಸ್ಟ್ ಹದಿನೈದ್ ದಿನಕ್ಕಿಂತ ಜಾಸ್ತಿ ನಿಂತ್ರೆ ಲೈಸೆನ್ಸ್ ರದ್ದಂಬ್ರ್. ನೀವ್ ಬಂದ್ ನಲ್ವತ್ ವರ್ಷ ಆಯ್ತಲೆ, ಯಾವಾಗ ಹೊರಡುದ್?"