ಮಾದರಿ ಹೋಗಿ ಮಾದಲಿಯಾದದ್ದು

"ಒಂದೇ ಒಂದು ಸಾಲು ಕೋಡ್ ಬರೆಯಲ್ಲ, ನೋಡ್ತಿರು!" ಎಂದು ಗುರುಬಸವರಾಜ್ ಮೇಷ್ಟ್ರು ಹೆಂಡತಿಯ ಮುಂದೆ ಮೀಸೆ ತಿರುವಿದರು. "ಬರೀ ಚಿತ್ರ ಬರೀತೀನಿ. ಉಳಿದಿದ್ದನ್ನೆಲ್ಲ ಕಂಪ್ಯೂಟರೇ ಮಾಡ್ಕೊಂಡು ಹೋಗ್ತೈತೆ!"

"ಹೋದ ಸಲಾನೂ ಹಿಂಗೇ ಅಂದಿದ್ರಿ. ಕಂಪ್ಯೂಟರು ನಿಮ್ಮನ್ನೇ ಫೇಲ್ ಮಾಡ್ಕೊಂಡು ಹೋತು," ಎಂದಳು ಹೇಮಾವತಿ, ಅವರೇಕಾಯಿ ಸುಲಿಯುತ್ತ.

ಮಾತು ಸುಳ್ಳಲ್ಲ. ಚನ್ನಗಿರಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು ತಲೆ ನರೆತ ಮೇಲೆ ಎಂ.ಟೆಕ್‌ಗೆ ಸೇರಿದ್ದರು. ಎಲ್ಲ ಪಾಸಾಗಿ, 'ಮಾಡೆಲ್ ಡ್ರಿವನ್ ಸಾಫ್ಟ್‌ವೇರ್ ಡೆವಲಪ್‌ಮೆಂಟ್' ಎಂಬ ಒಂದು ವಿಷಯ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವರಿಂದಲೇ ಪಾಠ ಹೇಳಿಸಿಕೊಂಡಿದ್ದ ಚೈತ್ರಶ್ರೀ ಅದರಲ್ಲಿ ಪಾಸಾಗಿ, ಅವರಿಗೇ ಪೇಡ ಕೊಟ್ಟು ಹೋಗಿದ್ದಳು! ಈ ಸಲವೂ ಡುಮ್ಕಿ ಹೊಡೆದರೆ ಡಿಗ್ರಿಯೂ ಇಲ್ಲ, ಸ್ಟಾಫ್ ರೂಮಿನಲ್ಲಿ ಮಾನವೂ ಇಲ್ಲ.

ವಿಷಯವೇನೋ ಸರಳ. ಯಾವುದಕ್ಕೆ ಯಾವುದು ಏನಾಗಬೇಕೆಂದು ಮೊದಲು ಚೌಕ, ಗೆರೆ ಹಾಕಿ ಮಾದರಿ ಬರೆಯಬೇಕು. ಮಾದರಿ ಸರಿಯಿದ್ದರೆ ಅದರ ಹೊಟ್ಟೆಯಿಂದಲೇ ಪ್ರೋಗ್ರಾಮು ಹುಟ್ಟುತ್ತದೆ. ಮೇಷ್ಟ್ರು ಆರಿಸಿಕೊಂಡಿದ್ದು ತಮ್ಮದೇ ನೆಂಟರಿಷ್ಟರನ್ನು. ಯಾರು ಯಾರಿಗೆ ಏನಾಗಬೇಕೆಂದು ಹೇಳುವ ಆ್ಯಪ್! ಅದಕ್ಕೊಂದು ಶಿಲಾಶಾಸನದಂಥ ನಿಯಮ ಬೇರೆ: 'ಒಬ್ಬರಿಗೆ ಒಂದೇ ಸಂಬಂಧ.' ತಾವು ಕಟ್ಟಿಕೊಂಡಿದ್ದು ಸ್ವಂತ ದೊಡ್ಡಕ್ಕನ ಮಗಳನ್ನೇ ಎಂಬುದು ಆ ಮಹಾನುಭಾವರಿಗೆ ಆಗ ಹೊಳೆಯಲೇ ಇಲ್ಲ. ಖುಷಿಯಾದಾಗ ಹೇಮಾವತಿಯ ಬಾಯಲ್ಲಿ 'ರೀ' ಹೋಗಿ ಹಳೇ 'ಮಾವ' ಬರುತ್ತಿದ್ದರೂ ಹೊಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ.

ಭಾನುವಾರ ಪರೀಕ್ಷೆ. ಪರೀಕ್ಷಕರಾದ ರಘುನಾಥ ಸರ್ ಲ್ಯಾಪ್‌ಟಾಪಿನೊಳಗೆ ಕೂತು ನೋಡುತ್ತಿರುವಾಗ, ನೆಂಟರು ಇದ್ದಲ್ಲಿಂದಲೇ ಮೊಬೈಲಿನಲ್ಲಿ ಆ್ಯಪ್ ಬಳಸಿ ತೋರಿಸಬೇಕು. ಮೇಷ್ಟ್ರು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಅವಸರದಲ್ಲಿ ಕುಟ್ಟಿದರು: 'ಭಾನುವಾರ ಹನ್ನೊಂದಕ್ಕೆ ನಮ್ಮ ಮಾದಲಿ ರೆಡಿ. ಎಲ್ಲರೂ ತಪ್ಪದೆ ಸೇರಿಕೊಳ್ಳಿ.' ಬೆರಳು ಜಾರಿ 'ರಿ' ಇರಬೇಕಾದಲ್ಲಿ 'ಲಿ' ಬಿತ್ತು. ಮಾದರಿ ಹೋಗಿ ಹಬ್ಬದ ಸಿಹಿತಿಂಡಿ ಮಾದಲಿಯಾಯಿತು!

ಭಾನುವಾರ ಬೆಳಿಗ್ಗೆ ಗೇಟು ಕಿರ್ರೆಂದಿತು. ಹೊನ್ನಾಳಿಯಿಂದ ದೊಡ್ಡಕ್ಕ, ತುಪ್ಪದ ಡಬ್ಬಿ ಸಮೇತ! ಹಿಂದೆಯೇ ನ್ಯಾಮತಿಯ ಷಣ್ಮುಖಪ್ಪ ಚಿಕ್ಕಪ್ಪ. ಅವರ ಹಿಂದೆ ಜಗಳೂರಿನ ಪ್ರಮೀಳಾ ಅತ್ತಿಗೆ, ಒಂದು ಟೆಂಪೋ ತುಂಬ ಜನದೊಂದಿಗೆ!

"ಅವ್ವ ಹೋದ ಮ್ಯಾಲೆ ಯಾರ ಮನ್ಯಾಗೂ ಮಾದಲಿ ಮಾಡ್ಲಿಲ್ಲ ಕಣೋ. ನೀನಾದ್ರೂ ನೆನೆಸ್ಕಂಡೆಲ್ಲ, ನನ್ನ ಬಂಗಾರ!" ದೊಡ್ಡಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೇಷ್ಟ್ರು ಮೊಬೈಲ್ ತೆಗೆದು ನೋಡಿದರೆ, ತಾವು ಬರೆದಿದ್ದೇ ಮಾದಲಿ! ಅವ್ವ ಗೋಧಿಯ ದಪ್ಪ ರೊಟ್ಟಿ ಸುಟ್ಟು, ಒರಳಿಗೆ ಹಾಕಿ ಕುಟ್ಟಿ, ಬೆಲ್ಲ ಕೊಬ್ಬರಿ ಗಸಗಸೆ ಬೆರೆಸುವಾಗ ಬೀದಿಯ ತುದಿಗೂ ಏಲಕ್ಕಿಯ ಘಮ ಹೋಗುತ್ತಿತ್ತು. ಹಾಲು ತುಪ್ಪ ಸುರಿದು ಮಕ್ಕಳೆಲ್ಲ ಒಂದೇ ತಟ್ಟೆಗೆ ಮುತ್ತಿಕೊಳ್ಳುತ್ತಿದ್ದರು. ಕದ್ದು ಬಾಯಿಗೆ ಹಾಕಿಕೊಂಡರೆ ಕಿವಿ ಹಿಂಡುತ್ತಿದ್ದವಳು ಇದೇ ದೊಡ್ಡಕ್ಕ. ಅತ್ತರೆ ತನ್ನ ಪಾಲನ್ನೂ ತಿನ್ನಿಸುತ್ತಿದ್ದವಳೂ ಇವಳೇ. ಆ ತಟ್ಟೆಯ ಸುತ್ತ ಕೂತವರೆಲ್ಲ ಈಗ ಮೊಬೈಲಿನೊಳಗಿನ 'ಶುಭೋದಯ' ಆಗಿಬಿಟ್ಟಿದ್ದರು.

ಮೇಷ್ಟ್ರು ಅಡಿಗೆಮನೆಗೆ ಓಡಿದರು. "ಹೇಮಾ, ಮಾನ ಹೋಗ್ತೈತೆ! ಏನ್ ಮಾಡಾದು?"

"ನಿನ್ನೆಯಿಂದ ಒಲೆ ಮುಂದೆ ಏನ್ ಮಾಡ್ತಿದೀನಿ ಅನ್ಕಂಡ್ರಿ? ಲ್ಯಾಪ್‌ಟಾಪ್ ಹಿಡಿದ್ರೆ ನಿಮಗೆ ಮೂಗೂ ಇರಲ್ಲ. ಕೊಬ್ಬರಿ ತುರೀರಿ!"

"ಅಂದ್ರೆ... ತಪ್ಪಾಗಿ ಬರೆದಿದ್ದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ತಿದ್ದಿಸಿದ್ರೆ ನಮ್ಮವ್ವ ಬರ್ತಿದ್ಲಾ?"

ಹನ್ನೊಂದಕ್ಕೆ ಸರಿಯಾಗಿ ರಘುನಾಥ ಸರ್ ಪರದೆಯ ಮೇಲೆ ಅವತರಿಸಿದರು. ದೊಡ್ಡಕ್ಕ ಮೊಬೈಲಿನಲ್ಲಿ 'ಅಕ್ಕ' ಎಂಬುದನ್ನು ಒತ್ತಿದಳು. ಹೇಮಾವತಿ 'ಹೆಂಡತಿ' ಎಂದು ಒತ್ತಿ, ತಾಯಿಯ ಹೆಸರು ಕೇಳಿದಲ್ಲಿ ದೊಡ್ಡಕ್ಕನನ್ನು ತೋರಿಸಿದಳು. ಪರದೆ ಕೆಂಪಾಯಿತು! 'ದೊಡ್ಡಕ್ಕ ಅತ್ತೆಯೂ ಆಗುತ್ತಾರೆ. ಇದು ತಪ್ಪು. ಅಕ್ಕನನ್ನು ಅಳಿಸಲೇ, ಹೆಂಡತಿಯನ್ನು ಅಳಿಸಲೇ?'

"ಅಳಿಸ್ತಾನಂತೆ!" ದೊಡ್ಡಕ್ಕ ಸಿಡಿದಳು. "ಎತ್ತಿ ಆಡಿಸಿದೋಳ್ನ ಅಳಿಸ್ತಾನಂತೆ!"

"ಮೇಷ್ಟ್ರೇ, ಇವರು ನಿಮಗೆ ಅಕ್ಕನೋ ಅತ್ತೆಯೋ?" ಸರ್ ನಗು ತಡೆದುಕೊಂಡು ಕೇಳಿದರು.

"ನಾನ್ ಹೇಳ್ತೀನಿ ತಡೀರಿ ಸಾರ್," ದೊಡ್ಡಕ್ಕ ಅಡ್ಡ ಬಂದಳು. "ಅಳಿಯ ಅಂದ್ರೆ ಮರ್ಯಾದಿ ಕೊಡ್ಬೇಕು, ತಮ್ಮ ಅಂದ್ರೆ ಕಿವಿ ಹಿಂಡ್ಬೇಕು. ಯಾವುದು ಬೇಕೋ ಅವನೇ ಹೇಳ್ಲಿ!"

ಮೇಷ್ಟ್ರು ಹೇಳುವುದೇನು? ಗಾಬರಿಯಲ್ಲಿ ಕೊಬ್ಬರಿ ತುರಿಯುತ್ತ ಕದ್ದ ಒಂದು ಮುಷ್ಟಿ ಮಾದಲಿ ಬಾಯಲ್ಲಿತ್ತು! ಕ್ಯಾಮೆರಾದ ಮುಂದೆಯೇ ದೊಡ್ಡಕ್ಕ ಕಿವಿ ಹಿಂಡಿದಳು. ನೋವಿನ ಜತೆಗೆ ಅದೇ ಹಳೇ ಸುಖ.

"ಸಂಬಂಧವೇನೋ ಸಾಬೀತಾಯಿತು," ಎಂದರು ಸರ್. "ಆ ನಿಯಮ ತಿದ್ದಿ, ಮುಂದಿನ ಭಾನುವಾರ ಇದೇ ಜನರನ್ನು ಸೇರಿಸಿ ತೋರಿಸಿ. ಕೆಲಸ ಮಾಡಿದರೆ ಪಾಸು."

ಕೆಂಪು ಕಿವಿ ಹಿಡಿದುಕೊಂಡು ಮೇಷ್ಟ್ರು ಗ್ರೂಪಿಗೆ ಬರೆಯತೊಡಗಿದರು: 'ಮುಂದಿನ ಭಾನುವಾರ ಮತ್ತೆ ನಮ್ಮ ಮಾದ...' ಬೆರಳು 'ರಿ'ಗೂ 'ಲಿ'ಗೂ ನಡುವೆ ನಿಂತಿತು. ಹಜಾರದಲ್ಲಿ ದೊಡ್ಡಕ್ಕ ಚಿಕ್ಕಪ್ಪನ ತಟ್ಟೆಗೆ ತುಪ್ಪ ಸುರಿಯುತ್ತ ನಗುತ್ತಿದ್ದಳು. ಮೇಷ್ಟ್ರು ಬೇಕೆಂದೇ 'ಲಿ' ಒತ್ತಿದರು.

ಬೆನ್ನ ಹಿಂದಿನಿಂದ ಇಣುಕಿ ನೋಡಿದ ಹೇಮಾವತಿ, ಒರಳಿನ ಒನಕೆಯನ್ನು ತಂದು ಅವರ ಕೈಗೇ ಕೊಟ್ಟಳು.

"ಕೋಡೇನೂ ಬರೆಯಾದ್ ಬ್ಯಾಡ ಮಾವ. ಈ ಸಲ ಕುಟ್ಟೋದೆಲ್ಲ ಇದ್ರಾಗೇ!"